ಕಾರವಾರ ಬಿಡದೆ ಜಾಝ್ ಬೇಸ್ ನುಡಿಸಿದ್ದು: ನನ್ನ ಅನುಭವ

ಹೋದ ಸೀಸನ್‌ನಲ್ಲಿ, ಅಂದರೆ ನವೆಂಬರ್‌ನಿಂದ ಮಾರ್ಚ್ ಕೊನೆಯವರೆಗೆ, ಗೋವಾದಲ್ಲಿ ಹೆಚ್ಚೂಕಡಿಮೆ 80 ರಾತ್ರಿ ಡಬಲ್ ಬೇಸ್ (ಪಿಟೀಲಿನ ಆಕಾರದ, ಆಳೆತ್ತರದ ಕೆಳದನಿಯ ವಾದ್ಯ) ನುಡಿಸಿದೆ. ನಾಲ್ಕೈದು ರಾತ್ರಿ ಬಿಟ್ಟರೆ ಉಳಿದಷ್ಟೂ ದಿನ ಮಲಗಿದ್ದು ಕಾರವಾರದ ನನ್ನ ಮನೆಯಲ್ಲೇ. ಇದನ್ನು ಸ್ವಲ್ಪ ಜೋರಾಗಿಯೇ ಹೇಳಿಕೊಳ್ಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 2005ರಲ್ಲಿ ಮುಂಬೈ ಬಿಟ್ಟು ಬಂದಾಗ ‘ಕಾರವಾರದಲ್ಲಿ ಕೂತು ಜಾಝ್ ನುಡಿಸ್ತಾನಂತೆ’ ಎಂದು ನಕ್ಕವರು ಮೂರು ಜನ. ಅವರಲ್ಲೊಬ್ಬರು ಈಗ ಅಕ್ಟೋಬರ್ ಬಂತೆಂದರೆ ‘ಡಿಸೆಂಬರ್ ಡೇಟ್ ಖಾಲಿ ಇದೆಯಾ’ ಎಂದು ನನಗೇ ಫೋನ್ ಮಾಡುತ್ತಾರೆ. ಡಬಲ್ ಬೇಸ್ ನಮ್ಮ ಮಳೆಗೆ ಎರಡು ವರ್ಷ ಬಾಳುವುದಿಲ್ಲ ಎಂದವರ ಲೆಕ್ಕ ಇಟ್ಟಿಲ್ಲ. ನನ್ನದು 16 ಮಳೆಗಾಲ ದಾಟಿದೆ.

ಕಾರ್ಡ್ ಶೀಟ್ (ಹಾಡಿನ ಸ್ವರಗುಚ್ಛಗಳ ಪಟ್ಟಿ) ನೋಡಿ ವಾಕಿಂಗ್ (ಪ್ರತಿ ಬಡಿತಕ್ಕೊಂದು ಬೇಸ್ ಸ್ವರ) ಹಾಕಲು ಬರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಸ್ಕೇಲ್ ಎಂದರೇನು ಎಂಬಲ್ಲಿಂದ ಶುರು ಮಾಡುವ ತಾಳ್ಮೆ ನನಗಿಲ್ಲ.

ನಮ್ಮ ಊರಿನ ಮನೆ ಶಿರಸಿ–ಕುಮಟಾ ರಸ್ತೆಯಲ್ಲಿ, ದೇವಿಮನೆ ಘಟ್ಟ ಇಳಿದ ಮೇಲೆ. ಒಂದೂವರೆ ಎಕರೆ ಅಡಿಕೆ ತೋಟ. ಅಪ್ಪಯ್ಯ ಯಕ್ಷಗಾನ ಮೇಳದಲ್ಲಿ ತಿರುಗಿದವರಲ್ಲ, ಆದರೆ ಸುತ್ತಲಿನ ಊರುಗಳ ತಾಳಮದ್ದಳೆಗೆ ಮದ್ದಳೆಯವರು ಸಿಗದಿದ್ದರೆ ಅವರಿಗೇ ಹೇಳಿಕಳಿಸುತ್ತಿದ್ದರು. ನಾನು ಹಿಂದೆ ಕೂತು ಶ್ರುತಿಪೆಟ್ಟಿಗೆ ಒತ್ತುತ್ತಿದ್ದೆ. ರಾತ್ರಿ ಹತ್ತಕ್ಕೆ ಶುರುವಾದರೆ ಬೆಳಗಿನ ಜಾವದವರೆಗೆ ಒಂದೇ ಸ್ವರ. ನಿದ್ದೆಯಲ್ಲಿ ಕೈ ನಿಂತರೆ ಬೆನ್ನಿಗೆ ಮೊಣಕೈ ತಿವಿತ. ಕೆಳಗಿನ ಸ್ವರ ನಿಂತುಹೋದರೆ ಮೇಲಿನವರೆಲ್ಲ ಹೇಗೆ ತಡಕಾಡುತ್ತಾರೆ ಎಂದು ಗೊತ್ತಾದದ್ದು ಅಲ್ಲೇ, ಎಂಟು ವರ್ಷಕ್ಕೇ. ಮುಂದೆ ಮದ್ದಳೆ ಹಿಡಿದಾಗ ಅಪ್ಪಯ್ಯ ಕೊಟ್ಟ ಪಾಠ ಒಂದೇ: ‘ಭಾಗವತ್ರ ಬಾಯಿ ನೋಡು ತಮಾ, ನಿನ್ನ ಕೈ ನೋಡಡ.’ ಈಗಲೂ ನಾನು ಬೆರಳೊತ್ತುವ ಫಿಂಗರ್‌ಬೋರ್ಡ್ ನೋಡುವುದಿಲ್ಲ. ಸ್ಯಾಕ್ಸಫೋನ್ ಊದುವವರು ಉಸಿರು ಎಳೆದುಕೊಳ್ಳುವುದನ್ನು ನೋಡುತ್ತೇನೆ.

ಭಾಗವತರೊಬ್ಬರದು ಕಪ್ಪು ಎರಡರ ಶ್ರುತಿ (ಹಾರ್ಮೋನಿಯಂನ ಎರಡನೇ ಕಪ್ಪು ಕೀ), ಇನ್ನೊಬ್ಬರದು ಕಪ್ಪು ಐದು. ಮುಂದೆ ಸ್ಯಾಕ್ಸಫೋನ್, ಟ್ರಂಪೆಟ್ ಊದುವ ಹಾರ್ನ್‌ನವರು ‘ಇ ಫ್ಲಾಟ್, ಬಿ ಫ್ಲಾಟ್’ ಎಂದಾಗ ಗಿಟಾರಿನಿಂದ ಬಂದ ಹುಡುಗರ ಮುಖ ಸಣ್ಣದಾಗುತ್ತಿತ್ತು, ಯಾಕೆಂದರೆ ಬೆರಳೊತ್ತದೆ ಆ ಸ್ವರ ನುಡಿಯುವ ಖಾಲಿ ತಂತಿ ಸಿಗುವುದಿಲ್ಲ. ನನಗೆ ಅವು ಕಪ್ಪು ಎರಡು, ಕಪ್ಪು ಐದು ಅಷ್ಟೇ. ಊರಿನ ಸ್ವರಗಳು.

1994ರಲ್ಲಿ ಡಿಪ್ಲೊಮಾ ಓದಲು ಕಾರವಾರಕ್ಕೆ ಬಂದೆ. ಕೋಡಿಬಾಗದಲ್ಲಿ ರೂಮು. ಮನೆಯೊಡತಿಯ ಮಗ ಚರ್ಚಿನ ಕಾಯರ್‌ನಲ್ಲಿ ಗಿಟಾರ್ ನುಡಿಸುತ್ತಿದ್ದ. ಕ್ರಿಸ್‌ಮಸ್‌ಗೆ ಬೇಸ್‌ನವನು ಕೈಕೊಟ್ಟ, ನನ್ನನ್ನು ಎಳೆದುಕೊಂಡು ಹೋದ. ಅಲ್ಲಿ ಸಿಕ್ಕವರು ನಾನು ಈಗಲೂ ‘ಅಂಕಲ್’ ಎಂದೇ ನೆನೆಯುವ ಹಿರಿಯರು. ಹುಟ್ಟಿದ್ದು ಗಡಿಯ ಆಚೆ. ಪೋರ್ಚುಗೀಸರ ಕಾಲದ ಚರ್ಚ್ ಶಾಲೆಯಲ್ಲಿ ಪಿಟೀಲು, ಸೊಲ್ಫಾ (ದೊ–ರೆ–ಮಿ ಸ್ವರಪಾಠ) ಕಲಿತು, 50–60ರ ದಶಕದಲ್ಲಿ ಬಾಂಬೆಯ ಹೋಟೆಲುಗಳಲ್ಲಿ ಡಬಲ್ ಬೇಸ್ ನುಡಿಸಿದವರು. ಆ ಪೀಳಿಗೆಯ ಗೋವಾದವರ ಹಾಗೆಯೇ ಹಗಲು ಸಿನಿಮಾ ರೆಕಾರ್ಡಿಂಗ್, ರಾತ್ರಿ ಜಾಝ್. ಚಿಕ್ ಚಾಕಲೇಟ್, ಸೆಬಾಸ್ಟಿಯನ್ ಡಿಸೋಜ, ಆಂಥನಿ ಗೊನ್ಸಾಲ್ವಿಸ್ ಹೀಗೆ ಹಿಂದಿ ಸಿನಿಮಾ ಸಂಗೀತದಲ್ಲಿ ಹೆಸರಾದ ಗೋವಾದ ಸಂಗೀತಗಾರರೆಲ್ಲರ ಬಗ್ಗೆ ನೆರೆಮನೆಯವರ ಬಗ್ಗೆ ಹೇಳುವ ಹಾಗೆ ಹೇಳುತ್ತಿದ್ದರು. ಫೀಸು ತಿಂಗಳಿಗೆ 100 ರೂಪಾಯಿ, ಬಂಗುಡೆ ಚೆನ್ನಾಗಿ ಸಿಕ್ಕ ತಿಂಗಳು ಅದೂ ಮಾಫಿ. ಮೀನು ಮುಟ್ಟದ ಮನೆಯ ಹುಡುಗ ಬೈತಖೋಲ್ ಬಂದರಿನಲ್ಲಿ ಬಂಗುಡೆಗೆ ಚೌಕಾಸಿ ಮಾಡಿ ಕಟ್ಟಿಸಿಕೊಂಡು ಬರುತ್ತಿದ್ದೆ. ಆಯಿಗೆ, ಅಂದರೆ ಅಮ್ಮನಿಗೆ, ಇದು ಈಗಲೂ ಗೊತ್ತಿಲ್ಲ.

ಎಂಟು ತಿಂಗಳು ನನಗೆ ಸ್ವಿಂಗ್, ಅಂದರೆ ಜಾಝ್‌ನ ತೂಗುವ ಲಯ, ಬರಲಿಲ್ಲ. ಸ್ವರ ಸರಿ, ಜಾಗ ಸರಿ, ಆದರೆ ಭಜನೆಗೆ ನುಡಿಸಿದ ಹಾಗೆ ಸಪಾಟು. ಅಂಕಲ್ ಬೈಯುತ್ತಿರಲಿಲ್ಲ, ‘ಸವಕಾಸ, ಪುತಾ, ಸವಕಾಸ’ (ನಿಧಾನ, ಮಗನೇ) ಎಂದು ಕಣ್ಣು ಮುಚ್ಚುತ್ತಿದ್ದರು. ಅದು ಬೈಗುಳಕ್ಕಿಂತ ಕಷ್ಟ. ಒಂದು ದಿನ ಅಂಕೋಲಾ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಲುಕಾಡುತ್ತ ಸುಮ್ಮನೆ ‘ತಕಿಟ ತಕಿಟ’ ಎಂದುಕೊಳ್ಳುತ್ತಿದ್ದೆ. ಗುಂಡಿ ಬಂದಾಗೆಲ್ಲ ನಡುವಿನ ‘ಕಿ’ ಬಾಯಲ್ಲೇ ಉಳಿಯಿತು. ‘ತ–ಟ, ತ–ಟ.’ ಡ್ರಮ್ ಸೆಟ್ಟಿನಲ್ಲಿ ಲಯ ಹಿಡಿಯುವ ತಟ್ಟೆ, ರೈಡ್ ಸಿಂಬಲ್, ಹೇಳುವುದೂ ಅದನ್ನೇ ತಾನೆ? ‘ಕಿ’ ಅನ್ನು ನುಂಗಬೇಕು, ಆದರೆ ಅದರ ಜಾಗ ಬಿಡಬೇಕು. ಮರುದಿನ ನುಡಿಸಿದೆ. ಅಂಕಲ್ ಏನೂ ಹೇಳಲಿಲ್ಲ, ಚಮಚ ಎತ್ತಿಕೊಂಡು ಟೇಬಲ್ ಅಂಚಿನ ಮೇಲೆ ರೈಡ್ ಬಾರಿಸತೊಡಗಿದರು. ಅರ್ಧ ಗಂಟೆ ನಿಲ್ಲಿಸಲಿಲ್ಲ.

ಒಂದು ಎಚ್ಚರಿಕೆ. ಈ ತಕಿಟ ಲೆಕ್ಕ ನಿಮಿಷಕ್ಕೆ 100–160 ಬಡಿತದ ಆಸುಪಾಸಿನಲ್ಲಿ ಚೆಂದ. 240ರ ಮೇಲೆ ಹೋದರೆ ಆ ಅಂತರವೇ ಕರಗುತ್ತದೆ, ‘ತ’, ‘ಟ’ ಎರಡೂ ಹೆಚ್ಚೂಕಡಿಮೆ ಸಮ ಆಗುತ್ತವೆ. ಅಲ್ಲೂ ತಕಿಟ ಹಿಡಿದು ಕೂತರೆ ಎತ್ತಿನಗಾಡಿ. ಇನ್ನು 5 ಮಾತ್ರೆಯ ಹಾಡು ಬಂದರೆ ನಾನು ಎಣಿಸುವುದೇ ಇಲ್ಲ, ಮನಸ್ಸಿನಲ್ಲಿ ಯಕ್ಷಗಾನದ ಜಂಪೆ ತಾಳ ಹಾಕಿಕೊಂಡುಬಿಡುತ್ತೇನೆ.

ಡಬಲ್ ಬೇಸ್ ಕೊಳ್ಳಲು ಆಗ ದುಡ್ಡೆಲ್ಲಿ? 1951ರಲ್ಲಿ ಅಮೆರಿಕದ ಗಿಟಾರ್ ತಯಾರಕ ಲಿಯೊ ಫೆಂಡರ್ ಫ್ರೆಟ್ (ಸ್ವರದ ಜಾಗ ಗುರುತಿಸುವ ಅಡ್ಡಪಟ್ಟಿ) ಇರುವ ಬೇಸ್ ಗಿಟಾರ್ ತಂದ ಮೇಲೆ ಲೋಕದಲ್ಲೇ ಆ ಪೆಟ್ಟಿಗೆ ಹೊರುವವರು ಕಡಿಮೆಯಾಗಿದ್ದರು, ಕಾರವಾರದ ಮಾತೇನು. ಬೇಸ್ ಗಿಟಾರಿನ ಜಾಕೊ ಪಾಸ್ಟೋರಿಯಸ್, ಫ್ರೆಟ್ ಇಲ್ಲದ ಡಬಲ್ ಬೇಸಿನ ದನಿಗಾಗಿ ಫ್ರೆಟ್ ಕಿತ್ತು ಫಿಂಗರ್‌ಬೋರ್ಡ್‌ಗೆ ದೋಣಿಯ ಎಪಾಕ್ಸಿ ರಾಳ ಬಳಿದದ್ದು ಎಲ್ಲೋ ಓದಿದ್ದೆ. ದೋಣಿಗೆ ನಮ್ಮಲ್ಲಿ ಬರವೇ? 6,000 ಕೊಟ್ಟು ತಂದಿದ್ದ ಸೆಕೆಂಡ್ ಹ್ಯಾಂಡ್ ಬೇಸ್ ಗಿಟಾರಿನ ಫ್ರೆಟ್ಟುಗಳನ್ನು ಕಟಿಂಗ್ ಪ್ಲೈಯರ್‌ನಲ್ಲಿ ಕಿತ್ತೆ, ಸಂದಿಗೆ ಮರದ ಪುಡಿ–ಫೆವಿಕಾಲ್ ತುಂಬಿದೆ, ಬೈತಖೋಲಿನಲ್ಲಿ ಫೈಬರ್ ದೋಣಿ ರಿಪೇರಿ ಮಾಡುವವರ ಹತ್ತಿರ ಒಂದು ಡಬ್ಬಿ ತಂದು ಬಳಿದೆ. ಅವರು ಬಳಸುವುದು ಎಪಾಕ್ಸಿ ಅಲ್ಲ, ಪಾಲಿಯೆಸ್ಟರ್ ರೆಸಿನ್. ಅದು ನನಗೆ ಗೊತ್ತಾಗುವಷ್ಟರಲ್ಲಿ ಜೂನ್. ಗಾಳಿ ತಾಗಿದ್ದಕ್ಕೋ ತೇವಕ್ಕೋ ಅದರ ಮೇಲ್ಪದರ ಒಣಗಲೇ ಇಲ್ಲ. ಹಲಸಿನ ಮೇಣ ಮೆತ್ತಿದ ಹಾಗೆ ಬೆರಳು ಅಂಟುತ್ತಿತ್ತು. ಆಗಸ್ಟ್‌ವರೆಗೆ ಕಾದು, ಕೊನೆಗೆ ಉಜ್ಜುಕಾಗದ ಹಿಡಿದು ಎಲ್ಲ ಕೆರೆದೆ. ಎರಡನೇ ಸಲ ನಿಜವಾದ ಎಪಾಕ್ಸಿ ತಂದು, ಜನವರಿಯ ಒಣ ಬಿಸಿಲಿನಲ್ಲಿ ಬಳಿದೆ. ಆ ಗಿಟಾರ್ ಇವತ್ತಿಗೂ ನುಡಿಯುತ್ತದೆ. ರಾಳದ ಕೆಲಸ ಮಾಡುವವರು ಮಳೆ ಮುಗಿಯುವವರೆಗೆ ಡಬ್ಬಿ ಮುಚ್ಚಿಡಿ.

ಮುಂಬೈ ಕಥೆ ಉದ್ದ ಮಾಡುವುದಿಲ್ಲ. 2003ರಿಂದ ಎರಡು ವರ್ಷ ಇದ್ದೆ. ರೂಮಿನಲ್ಲಿ ನಾಲ್ಕು ಜನ, ತಲೆಗೆ 1,800. ಬೇಸ್ ಲೈನ್‌ಗಳನ್ನೆಲ್ಲ ಕೀಬೋರ್ಡ್‌ನವರೇ ಒತ್ತಿ ಮುಗಿಸುತ್ತಿದ್ದರು, ರೆಕಾರ್ಡಿಂಗ್‌ಗೆ ನನ್ನನ್ನು ಯಾಕೆ ಕರೆಯುತ್ತಾರೆ? ಒಂದು ಹೋಟೆಲ್ ಮೂರು ತಿಂಗಳ ದುಡ್ಡು ಬಾಕಿ ಇಟ್ಟುಕೊಂಡು ಬ್ಯಾಂಡನ್ನೇ ನಿಲ್ಲಿಸಿತು. ಸುಮಾರು 27,000. ಅದು ಇನ್ನೂ ಬಂದಿಲ್ಲ, ಬರುವುದೂ ಇಲ್ಲ. ಕೊಂಕಣ ರೈಲು ಹತ್ತಿ ವಾಪಸ್ ಬರುವಾಗ ಲೆಕ್ಕ ಹಾಕಿದೆ: ಗೋವಾದಲ್ಲಿ ಬೇಸ್ ಗಿಟಾರಿನವರು ಬೇಕಾದಷ್ಟು ಇದ್ದಾರೆ, ಡಬಲ್ ಬೇಸ್ ನಿಲ್ಲಿಸಿಕೊಂಡು ನುಡಿಸುವವರು ಬೆರಳೆಣಿಕೆ. ಕಾಣಕೋಣ ನಮ್ಮಿಂದ ಗಂಟೆಯ ದಾರಿ, ಮಡಗಾಂವ್ ಎರಡು ಗಂಟೆಯೊಳಗೆ. ಅಲ್ಲಿನ ಬಾಡಿಗೆ ಕೊಡುವ ಬದಲು ಆ ದುಡ್ಡಿಗೆ ವಾದ್ಯ ತರಬಾರದೇಕೆ?

ದುಡ್ಡು ಕೂಡಿಸಲು ಮೂರು ವರ್ಷ ಬೇಕಾಯಿತು. 2008ರಲ್ಲಿ ಒಬ್ಬರ ಮನೆಯ ಜಗಲಿಯಲ್ಲಿ ಮಕ್ಕಳ ಸೈಕಲ್ ಹಿಂದೆ ಒರಗಿ ನಿಂತಿದ್ದ ಹಳೆಯ ಪ್ಲೈವುಡ್ ಬೇಸ್ ಸಿಕ್ಕಿತು. 45 ಎಂದರು, 38,000ಕ್ಕೆ ಇಳಿಸಿದೆ. ಸ್ಪ್ರೂಸ್ ಮರದಲ್ಲಿ ಕೆತ್ತಿದ ಬೇಸ್ ಬೇಕು ಎಂದು ಹಟ ಮಾಡುವವರಿಗೆ ಒಂದೇ ಮಾತು: ಕರಾವಳಿಯಲ್ಲಿ ಪ್ಲೈವುಡ್ಡೇ ವಾಸಿ. ದನಿ ಸ್ವಲ್ಪ ಕಿವುಡು, ಆದರೆ ಮೇಲ್ಹಲಗೆ ಸೀಳುವುದಿಲ್ಲ. ಊರಿಗೆ ಒಯ್ದಾಗ ಅಪ್ಪಯ್ಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹೇಳಿದ್ದು: ‘ಎಂತದಾ ತಮಾ ಇದು, ಮೂರು ಮದ್ದಳೆ ನುಂಗಿದಾಂಗೆ ಇದ್ದಲಾ?’

ಮೊದಲ ವಾರವೇ ಎಡವಟ್ಟು. ತುಕ್ಕು ಹಿಡಿದ ತಂತಿ ಬದಲಿಸುವ ಉಮೇದಿನಲ್ಲಿ ನಾಲ್ಕನ್ನೂ ಒಟ್ಟಿಗೆ ಬಿಚ್ಚಿದೆ. ಒಳಗೆ ‘ಟಕ್’ ಎಂದಿತು. ಸೌಂಡ್‌ಪೋಸ್ಟ್ ಬಿದ್ದಿತ್ತು. ಮೇಲ್ಹಲಗೆಗೂ ಹಿಂಬದಿಗೂ ನಡುವೆ ಅಂಟಿಲ್ಲದೆ ಬರೀ ತಂತಿಯ ಒತ್ತಡಕ್ಕೆ ನಿಂತಿರುವ ಕಡ್ಡಿ ಅದು, ಒತ್ತಡ ತೆಗೆದರೆ ಬೀಳದೆ ಏನು ಮಾಡುತ್ತದೆ? ಅಂಕಲ್‌ಗೆ ಫೋನ್ ಮಾಡಿದೆ. ಪೋರ್ಚುಗೀಸಿನಲ್ಲಿ ಆ ಕಡ್ಡಿಗೆ ‘ಆಲ್ಮಾ’ ಎನ್ನುತ್ತಾರೆ, ಅಂದರೆ ಆತ್ಮ. ‘ಅಂಕಲ್, ಆಲ್ಮಾ ಬಿತ್ತು’ ಎಂದೆ. ಆ ಕಡೆ ಐದು ನಿಮಿಷ ಬರೀ ನಗು. ಮುಂಬೈಗೆ ಕಳಿಸಿ ಮಾಡಿಸಿದರೆ ಸಾಗಾಣಿಕೆ ಸೇರಿ 9–10 ಸಾವಿರ ಎಂದರು. ಸೈಕಲ್ ಕಡ್ಡಿಯನ್ನು ಎಸ್ ಆಕಾರಕ್ಕೆ ಬಗ್ಗಿಸಿ ತುದಿ ಚೂಪು ಮಾಡಿದೆ, ಹಲ್ಲಿನ ಡಾಕ್ಟರ್ ಬಳಸುವ ಪುಟ್ಟ ಕನ್ನಡಿ 40 ರೂಪಾಯಿಗೆ ತಂದೆ. ಎಫ್ ಹೋಲ್‌ನಿಂದ (ಮೇಲ್ಹಲಗೆಯ ಎಫ್ ಆಕಾರದ ತೂತು) ಸೈಕಲ್ ಕಡ್ಡಿ ತೂರಿಸಿ, ಅದರ ತುದಿಗೆ ಚುಚ್ಚಿದ ಸೌಂಡ್‌ಪೋಸ್ಟನ್ನು ಕನ್ನಡಿಯಲ್ಲಿ ನೋಡುತ್ತ ನಿಲ್ಲಿಸುವುದು. ಕನ್ನಡಿಯಲ್ಲಿ ಎಡ ಬಲವಾಗುತ್ತದೆ, ಬಲ ಎಡ. ನಿಂತಿತು ಎನ್ನುವಷ್ಟರಲ್ಲಿ ಸೈಕಲ್ ಕಡ್ಡಿ ಹೊರಗೆಳೆಯುವಾಗ ಮತ್ತೆ ಟಕ್. ಮೂರು ದಿನ. ಮೂರನೇ ದಿನ ಸಂಜೆ ನಿಂತಾಗ ಉಸಿರು ಬಿಗಿಹಿಡಿದು ತೆಳ್ಳಗಿನ ಜಿ ತಂತಿ ಬಿಗಿದೆ, ಆಮೇಲೆ ದಪ್ಪನೆಯ ಇ. ತಂತಿಗಳನ್ನು ಎತ್ತಿಹಿಡಿಯುವ ಬ್ರಿಜ್‌ನ ಜಿ ಬದಿಯ ಕಾಲಿನ ತುಸು ಕೆಳಗೆ ಸೌಂಡ್‌ಪೋಸ್ಟಿನ ಜಾಗ. ಎಷ್ಟು ಕೆಳಗೆ ಎಂಬುದನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಕಂಡುಕೊಂಡಿದ್ದೇನೆ. ನನ್ನ ಬೇಸಿನ ದನಿಯ ಅರ್ಧ ಗುಟ್ಟು ಅಲ್ಲಿದೆ, ಆ ಅಳತೆ ಬರೆಯುವುದಿಲ್ಲ. ನಿಮ್ಮದನ್ನು ನೀವೇ ಹುಡುಕಿಕೊಳ್ಳಿ. ತಂತಿ ಮಾತ್ರ ಒಂದೊಂದೇ ಬದಲಿಸಿ.

ಹಳೆ ಬ್ರಿಜ್ ಬಿರುಕು ಬಿಟ್ಟಿತ್ತು. ಶಿರಸಿಯಲ್ಲಿ ಗುಡಿಗಾರರೊಬ್ಬರಿಗೆ ಮಾದರಿ ತೋರಿಸಿ ಹಲಸಿನಲ್ಲೊಂದು, ಬೀಟೆಯಲ್ಲೊಂದು ಕೆತ್ತಿಸಿದೆ. ಗಂಧದ ಮರದಲ್ಲಿ ಗಣಪತಿ ಕೆತ್ತುವ ಕೈ ಅದು, ಕೆಲಸದಲ್ಲಿ ಕುಂದಿಲ್ಲ. ನೋಡಲು ದೇವರಪೀಠದ ಹಾಗೆ. ಆದರೆ ಬೀಟೆ ಭಾರ, ದನಿಯ ಬಾಯಿಗೆ ಬಟ್ಟೆ ಕಟ್ಟಿದ ಹಾಗಾಯಿತು. ಹಲಸು ಮೆತ್ತಗೆ, ತಂತಿ ಕೊರೆದುಕೊಂಡು ಒಳಗೆ ಇಳಿಯಿತು. ಕೊನೆಗೆ 3,500 ಕೊಟ್ಟು ಮೇಪಲ್ ಮರದ ಬ್ರಿಜ್ ತರಿಸಿ ಅವರಿಂದಲೇ ಕಾಲು ಕೂರಿಸಿದೆ. ಬೀಟೆಯದು ಈಗ ಮನೆಯಲ್ಲಿ ಮೊಬೈಲ್ ಒರಗಿಸುವ ಸ್ಟ್ಯಾಂಡು.

ಈಗ ಮಳೆಯ ವಿಷಯಕ್ಕೆ ಬರೋಣ. ಜೂನ್ ಬಂತೆಂದರೆ ಹಲಗೆ ಉಬ್ಬುತ್ತದೆ, ಬ್ರಿಜ್ ಮೇಲೇಳುತ್ತದೆ, ತಂತಿ 2 ಮಿಲಿಮೀಟರ್‌ನಷ್ಟು ಎತ್ತರವಾಗುತ್ತದೆ. ಮೊದಲ ವರ್ಷ ಅದನ್ನೇ ಒತ್ತಿ ಒತ್ತಿ ಕಿರುಬೆರಳು ಊದಿಸಿಕೊಂಡೆ. ಹಲಗೆ ಹಿಡಿದಿಡುವ ಸರಸಿನ ಅಂಟು (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ್ದು) ತೇವಕ್ಕೆ ಮೆತ್ತಗಾಗಿ ಅಂಚು ಬಿಡುತ್ತದೆ, ಒಳಗೆ ಬೂಸಲು.

ಮೊದಲ ಉಪಾಯ: ಊರಿನ ಮನೆಯಲ್ಲಿ ಒಲೆಯ ಮೇಲಿನ ಅಟ್ಟ. ಮಳೆಗಾಲದಲ್ಲಿ ಎಲ್ಲ ಒಣಗುವುದು ಅಲ್ಲೇ ಅಲ್ಲವೇ, ಬೇಸ್ ಯಾಕೆ ಒಣಗಬಾರದು? ನಾಲ್ಕು ಜನ ಸೇರಿ ಹಗ್ಗ ಕಟ್ಟಿ ಏರಿಸಿದೆವು. ಆರು ವಾರಕ್ಕೆ ಕೆಳಗಿನ ಅಂಚು ಒಂದು ಗೇಣು ಬಾಯಿ ಬಿಟ್ಟಿತು, ಅಲ್ಲಿ ಅತಿಯಾಗಿ ಒಣಗಿತ್ತು. ಮೇಲಾಗಿ ಹೊಗೆಯ ವಾಸನೆ. ಆ ನವೆಂಬರಿನಲ್ಲಿ ಎ.ಸಿ. ಹಾಲ್‌ನಲ್ಲಿ ನುಡಿಸುವಾಗ ಮುಂದಿನ ಟೇಬಲ್‌ನವರು ಅಡುಗೆಮನೆ ಕಡೆ ತಿರುಗಿ ತಿರುಗಿ ನೋಡುತ್ತಿದ್ದರು.

ಎರಡನೇ ಉಪಾಯ: ಚಿಪ್ಪಿಸುಣ್ಣ. ನೀರು ಹಾಕದ ಸುಟ್ಟ ಸುಣ್ಣ ತೇವ ಎಳೆದುಕೊಳ್ಳುತ್ತದೆ, ನಿಜ. ಮಡಕೆಯಲ್ಲಿ ತುಂಬಿ ಬೇಸ್ ಪಕ್ಕ ಇಟ್ಟೆ. ಎಳೆದುಕೊಂಡು ಎಳೆದುಕೊಂಡು ಅದೂ ಉಬ್ಬುತ್ತದೆ ಎಂಬುದು ತಲೆಗೆ ಬರಲಿಲ್ಲ. ಮಡಕೆ ಒಡೆದು ಕೋಣೆಯಿಡೀ ಬಿಳಿ ಪುಡಿ. ಒರೆಸಲು ಹೋಗಿ ವಾರ್ನಿಷ್ ಹಾಳಾಯಿತು, ಆ ಕಲೆ ಈಗಲೂ ಬೇಸಿನ ಎಡ ಭುಜದ ಮೇಲಿದೆ.

ತೇವ ಹೀರುವ ಯಂತ್ರ ತರಿಸಿದರೆ 18,000, ಮೇಲೆ ಕರೆಂಟ್ ಬಿಲ್. ಜುಲೈನಲ್ಲಿ ಎರಡು ದಿನ ಕರೆಂಟೇ ಇಲ್ಲದಾಗ ಅದೂ ಒಂದು ಪೆಟ್ಟಿಗೆ ಅಷ್ಟೇ.

ಕೊನೆಗೆ ಫಲಿಸಿದ್ದು ಬಡವರ ಉಪಾಯ. ಚಿರೆಕಲ್ಲಿನ ಗೋಡೆಗೆ ನಾಲ್ಕು ಇಂಚು ಬಿಟ್ಟು ಪ್ಲೈವುಡ್ ಹೊಡೆದು ಆಳೆತ್ತರದ ಕಪಾಟು ಮಾಡಿಸಿದೆ, ಬಡಗಿಯ ಕೂಲಿ ಸೇರಿ 7,000 ಆಗಿರಬೇಕು. ಕೆಳಗೆ ಎರಡು 60 ವ್ಯಾಟ್ ಹಳೇ ಬಲ್ಬು, ಮೇಲೆ ಬೆರಳಗಲದ ಕಿಂಡಿ, 400 ರೂಪಾಯಿಯ ತೇವಾಂಶ ಮೀಟರ್. ಹೊರಗೆ 95 ಇದ್ದಾಗ ಒಳಗೆ 65 ದಾಟಲು ಬಿಡುವುದಿಲ್ಲ. ಎರಡೂ ಬಲ್ಬು ಉರಿದರೆ ಎಷ್ಟು, ಒಂದೇ ಆದರೆ ಎಷ್ಟು ಎಂದು ಎರಡು ಮಳೆಗಾಲ ನೋಟ್‌ಬುಕ್ಕಿನಲ್ಲಿ ಬರೆದೆ. ಕರೆಂಟ್ ಹೋದರೆ ಕಿಂಡಿ ಮುಚ್ಚಿ ಬಾಗಿಲು ತೆರೆಯದೆ ಸುಮ್ಮನಿರುವುದು, ಒಂದು ದಿನವೇನೂ ಆಗದು. ಎಲ್‌ಇಡಿ ಬಂದ ಮೇಲೆ ಬಿಸಿಯಾಗುವ ಬಲ್ಬು ಸಿಗುವುದೇ ಕಷ್ಟ. ಅಂಕೋಲಾದ ಒಂದು ಅಂಗಡಿಯಲ್ಲಿ ಉಳಿದ ದಾಸ್ತಾನಿಗೆ ಕೋಳಿಮರಿ ಸಾಕುವವರೂ ನಾನೂ ಪೈಪೋಟಿ. ಬಿಟ್ಟ ಅಂಚಿಗೆ ಸರಸನ್ನು ಬಿಸಿ ಮಾಡಿ ಹಾಕುತ್ತೇನೆ, ಅದಕ್ಕೆ ಇನ್ನೊಂದನ್ನು ಸೇರಿಸುತ್ತೇನೆ. ಏನೆಂದು ಕೇಳಬೇಡಿ. 2013ರಿಂದ ಹಾಕಿದ ಜಾಗ ಒಂದೂ ಬಿಟ್ಟಿಲ್ಲ.

ಇಷ್ಟೆಲ್ಲ ಮಾಡಿ ಬಹಳ ಜನ ಸೋಲುವುದು ಹೋಟೆಲ್‌ನಲ್ಲಿ. ಹೊರಗಿನ ಬೆವರಿನ ಗಾಳಿಯಿಂದ ನೇರ ಎ.ಸಿ. ಹಾಲ್‌ಗೆ ತಂದು ಚೀಲ ಬಿಚ್ಚುತ್ತಾರೆ. ಬಿಚ್ಚಬೇಡಿ. ನಾನು ಮುಕ್ಕಾಲು ಗಂಟೆ ಮೊದಲೇ ಹೋಗಿ, ಚೀಲದೊಳಗೇ ಬಿಟ್ಟು ಚಹಾ ಕುಡಿಯುತ್ತೇನೆ. ಮ್ಯಾನೇಜರ್‌ಗಳಿಗೆ ಮೊದಲು ಸೊಕ್ಕು ಅನಿಸುತ್ತಿತ್ತು, ಈಗ ಚಹಾ ಅವರೇ ಕಳಿಸುತ್ತಾರೆ. ಎಫ್ ಹೋಲ್‌ಗೆ ಹಳೇ ಪಂಚೆ ತುರುಕಿದರೆ ಆಂಪ್ (ಧ್ವನಿವರ್ಧಕ) ಕೂಗುವುದೂ ನಿಲ್ಲುತ್ತದೆ.

ಸಾಗಾಣಿಕೆ: 2012ರಲ್ಲಿ 85,000ಕ್ಕೆ ಹಳೇ ಓಮ್ನಿ. ಹಿಂದಿನ ಸೀಟು, ಎಡ ಸೀಟು ಕಿತ್ತರೆ ಬೇಸ್ ಕಾಲು ಚಾಚಿ ಮಲಗುತ್ತದೆ. ರಾತ್ರಿ ಒಂದೂವರೆಗೆ ಗಡಿ ದಾಟುವಾಗ ಚೆಕ್‌ಪೋಸ್ಟ್‌ನವರು ಎಷ್ಟೋ ಸಲ ಚೀಲ ಬಿಚ್ಚಿಸಿದ್ದಾರೆ. ಗೋವಾದಿಂದ ಬರುವ ಗಾಡಿಯಲ್ಲಿ ಅಷ್ಟು ದೊಡ್ಡ ಹೊಟ್ಟೆಯ ವಸ್ತು ಕಂಡರೆ ಅವರಾದರೂ ಏನು ಮಾಡಿಯಾರು? ಒಬ್ಬರು ಟಾರ್ಚನ್ನು ಎಫ್ ಹೋಲ್‌ಗೆ ಹಿಡಿದು ನೋಡಿ, ‘ಎಷ್ಟು ಕ್ವಾರ್ಟರ್ ಹಿಡೀತದ್ರೀ ಇದು?’ ಎಂದರು. ‘ನೂರೈವತ್ತು ಹಿಡೀಬಹುದು ಸಾರ್, ಆದ್ರೆ ಹೊರಗೆ ತೆಗೆಯೋಕಾಗಲ್ಲ’ ಎಂದೆ. ಅವತ್ತಿನಿಂದ ಅವರಿದ್ದಾಗ ಕೈ ಬೀಸಿ ಕಳಿಸುತ್ತಾರೆ. 2024ರ ಆಗಸ್ಟ್‌ನಲ್ಲಿ ಕಾರವಾರ–ಗೋವಾ ದಾರಿಯ ಕಾಳಿ ನದಿಯ ಹಳೇ ಸೇತುವೆ ಮಧ್ಯರಾತ್ರಿಯ ಹೊತ್ತಿಗೆ ಕುಸಿದಾಗ ಆಯಿ ಬೆಳಿಗ್ಗೆ ಐದಕ್ಕೇ ಫೋನ್ ಮಾಡಿದ್ದಳು. ನಾನು ದಿನಾ ದಾಟುವ ಹೊತ್ತು ಅದು. ಪುಣ್ಯಕ್ಕೆ ಸೀಸನ್ ಅಲ್ಲ, ಮನೆಯಲ್ಲಿ ಬಲ್ಬು ಬದಲಿಸುತ್ತಿದ್ದೆ.

ದುಡ್ಡಿನ ಲೆಕ್ಕ ಎಲ್ಲರೂ ಕೇಳುತ್ತಾರೆ. ರಾತ್ರಿಗೆ 2,500ರಿಂದ 4,000, ಡಿಸೆಂಬರ್ 31ಕ್ಕೆ ಮಾತ್ರ ಬಾಯಿಗೆ ಬಂದಷ್ಟು ಕೇಳುತ್ತೇನೆ. ಸೀಸನ್‌ಗೆ ಎರಡೂವರೆ ಲಕ್ಷದ ಆಸುಪಾಸು, ಪೆಟ್ರೋಲ್‌ಗೆ ಅದರಲ್ಲಿ 45–50 ಸಾವಿರ. ಕಾರವಾರ, ಅಂಕೋಲಾ ಕಡೆಯ ಮದುವೆ ಬ್ಯಾಂಡ್, ಏಳು ಜನ ಶಿಷ್ಯರು ಸೇರಿದರೆ ವರ್ಷ ಸಾಗುತ್ತದೆ. ಸ್ಪೈರೋಕೋರ್ ಎಂಬ ಉಕ್ಕಿನ ತಂತಿಯ ಸೆಟ್ಟು ದುಬಾರಿ, ಆದರೆ ಪ್ರತಿ ರಾತ್ರಿ ಒಣಬಟ್ಟೆಯಲ್ಲಿ ಒರೆಸಿದರೆ ಉಪ್ಪುಗಾಳಿಯಲ್ಲೂ ಐದು ವರ್ಷ ಬರುತ್ತದೆ. ಕೋವಿಡ್‌ನ 2020–21ರಲ್ಲಿ ಮಾತ್ರ ಸೊನ್ನೆ. ಆ ವರ್ಷ ತೋಟದ ಅಡಿಕೆ ಸುಲಿದದ್ದೇ ಸಂಪಾದನೆ, ಕೈಯ ಗಂಟುಗಳೂ ಹಾಳು.

ಆಗಲೇ ಊರಲ್ಲಿ ತಾಳಮದ್ದಳೆಗೆ ಬೋ (ಕಮಾನು) ಹಿಡಿದು ಬೇಸ್ ನುಡಿಸಿ ನೋಡಿದ್ದು. ಕಪ್ಪು ಎರಡರಲ್ಲಿ ಕೆಳಗಿನ ಷಡ್ಜ ಹಿಡಿದು ಕೂತರೆ ಭವ್ಯವಾಗಿರುತ್ತದೆ ಎಂದುಕೊಂಡಿದ್ದೆ. ಭಾಗವತರು ಎರಡು ಪದ ಹಾಡಿ ನಿಲ್ಲಿಸಿದರು: ‘ನೆಲ ನಡುಗ್ತು ಮಾರಾಯಾ, ನಂಗೆ ಶ್ರುತಿ ಕೇಳ್ತಿಲ್ಲೆ.’ ಸರಿಯಾಗೇ ಹೇಳಿದರು. ಮದ್ದಳೆಯ ಗುಂಯ್‌ಗುಡುವ ಕೆಳದನಿ ಇರುವ ಜಾಗದಲ್ಲೇ ನಾನೂ ಕೂತಿದ್ದೆ. ಅಪ್ಪಯ್ಯ ಮಾತ್ರ ಮದ್ದಳೆ ಕೆಳಗಿಟ್ಟು, ಪ್ರಸಂಗ ಮುಗಿದ ಮೇಲೆ ಒಂದು ಸಲ ನುಡಿಸು ಎಂದರು. ಜಗಲಿಯಲ್ಲಿ ಬ್ಲೂಸ್ ಧಾಟಿಯೊಂದನ್ನು ನಿಧಾನಕ್ಕೆ ಹನ್ನೆರಡು ಬಾರ್ (ತಾಳದ ಆವರ್ತ), ಮತ್ತೆ ಹನ್ನೆರಡು ಬಾರ್ ನಡೆಸಿದೆ. ಮೂರನೇ ಸುತ್ತಿಗೆ ಅವರ ತೊಡೆಯ ಮೇಲೆ ಬೆರಳು ಬಿತ್ತು. ನಡುವಿನ ‘ಕಿ’ ಅವರೂ ನುಂಗಿದ್ದರು, ನಾನು ಹೇಳಿಕೊಟ್ಟಿರಲಿಲ್ಲ.

ಈ ಸಲ ಮಳೆ ಮುಗಿದು ಕಪಾಟಿನಿಂದ ತೆಗೆದು ಅಳೆದೆ. ಫಿಂಗರ್‌ಬೋರ್ಡ್‌ನಿಂದ ಜಿ ತಂತಿ 6 ಮಿಲಿಮೀಟರ್ ಎತ್ತರ, ಇ ತಂತಿ 9ಕ್ಕೆ ಸ್ವಲ್ಪ ಕಮ್ಮಿ, ಮೇ ತಿಂಗಳಲ್ಲಿ ಇದ್ದದ್ದೂ ಅಷ್ಟೇ. ಬಲ್ಬು ಒಂದು ಸುಟ್ಟಿದೆ. ಅಂಕೋಲಾ ಅಂಗಡಿಯಲ್ಲಿ ಇನ್ನು ಹನ್ನೊಂದೇ ಉಳಿದಿವೆಯಂತೆ. ನಾಳೆ ಬೆಳಿಗ್ಗೆ ಕೋಳಿಯವರಿಗಿಂತ ಮೊದಲು ಹೋಗಬೇಕು.